ಟೀವಿ ತೋರಿಸದ ಚರಣ

ಮೊನ್ನೆ ಭಾನುವಾರ ಟೀವಿ ಹಾಕಿದವಳು ಹಾಡಿನ ಚಾನೆಲ್ ಹುಡುಕಿಕೊಂಡು ಹೋದೆ. ಅದು ಇದ್ದ ಜಾಗದಲ್ಲಿ ಒಬ್ಬಾತ ಕಾವಲಿ ಮಾರುತ್ತಿದ್ದ. ದೋಸೆ ಅಂಟುವುದೇ ಇಲ್ಲವೆಂದು ಅವನು ಆಣೆ ಹಾಕುತ್ತಿದ್ದ ರೀತಿ ನೋಡಿದರೆ ಜನ್ಮದಲ್ಲಿ ಒಂದು ದೋಸೆ ಹೊಯ್ದವನಲ್ಲ ಎಂದು ಉಡುಪಿ ಕಡೆಯ ಯಾರಿಗಾದರೂ ತಿಳಿಯುತ್ತಿತ್ತು. ಮುಂದಿನ ಚಾನೆಲಿನಲ್ಲಿ ಜಗಳ, ಅದರ ಮುಂದೆ ಜ್ಯೋತಿಷ್ಯ. ಹಾಡು ತೋರಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಚಾನೆಲುಗಳು ಯಾವಾಗ ಜಾಗ ಖಾಲಿ ಮಾಡಿದವೋ ನನಗೆ ಗೊತ್ತೇ ಆಗಲಿಲ್ಲ. ಪಕ್ಕದ ಮನೆಯವರು ಬಿಡಾರ ಕಿತ್ತರೆ ಟೆಂಪೋ ಬಂದಾಗಲಾದರೂ ತಿಳಿಯುತ್ತದೆ.

ನೀವು ನಗಬಹುದು, ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನಾವು ಹಾಡಿನ ಕಾರ್ಯಕ್ರಮ ನೋಡುತ್ತಿದ್ದದ್ದು ಮನರಂಜನೆಗಲ್ಲ, ಕಲಿಯುವುದಕ್ಕೆ. ಇಲ್ಲಿಯ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾವು ನಾಲ್ಕು ಜನ ಹುಡುಗಿಯರು ಕುಣಿಯಲೇಬೇಕೆಂಬುದು ನಮ್ಮದೇ ತೀರ್ಮಾನ, ಯಾರೂ ಕರೆದಿರಲಿಲ್ಲ. ಕಲಿಸುವವರಿಲ್ಲ, ಟೀವಿಯಲ್ಲಿ ಬಂದದ್ದನ್ನು ಹಿಡಿದಿಡುವ ಯಂತ್ರವೂ ಇಲ್ಲ. ಹಾಡು ಬಂದ ಗಳಿಗೆಯಲ್ಲೇ ಕಣ್ಣಲ್ಲಿ ಹಿಡಿಯಬೇಕು. ಒಬ್ಬಳ ಕಣ್ಣಿಗೆ ಎಷ್ಟು ದಕ್ಕೀತು? ಅದಕ್ಕೇ ಕೆಲಸ ಹಂಚಿಕೊಂಡಿದ್ದೆವು. ಕೆಳಮನೆಯ ಶೈಲಾ ಧಾರವಾಡದ ಕಡೆಯವಳು, ನಮ್ಮ ಮುಖಂಡಳು. "ಕೈ ನಾ ನೋಡ್ತೀನಿ, ಕಾಲು ನೀ ನೋಡು. ಕಣ್ಣು ಮ್ಯಾಲೆ ಎತ್ತಿದಿ ಅಂದ್ರ ನೋಡು ಮತ್ತ" ಎಂದು ನನಗೆ ತಾಕೀತು. ಮೂರನೆಯವಳಿಗೆ ಸೊಂಟ, ನಾಲ್ಕನೆಯವಳಿಗೆ ಮುಖ. ಹೀಗಾಗಿ ನಾವು ಆರಿಸಿಕೊಂಡ ಹಾಡಿನ ನಾಯಕಿ ನೋಡಲು ಹೇಗಿದ್ದಳೆಂದು ನನಗೆ ಬಹುಕಾಲ ಗೊತ್ತಿರಲಿಲ್ಲ. ಪಾದಗಳನ್ನು ಮಾತ್ರ ಜಾತ್ರೆಯಲ್ಲಿ ಕಂಡರೂ ಗುರುತಿಸುತ್ತಿದ್ದೆ.

ತೊಂದರೆ ಇದ್ದದ್ದು ಕಾರ್ಯಕ್ರಮದಲ್ಲೇ. ವಾರದ ಹಾಡುಗಳಿಗೆ ನಂಬರು ಕೊಟ್ಟು ಒಂದೊಂದರದ್ದೂ ತುಣುಕು ತೋರಿಸುತ್ತಿದ್ದರು. ನಮ್ಮ ಹಾಡು ಪ್ರತಿ ವಾರ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು, ಇಳಿದಷ್ಟೂ ತುಣುಕು ಗಿಡ್ಡವಾಗುತ್ತಿತ್ತು. ಕೊನೆಯ ಚರಣ ಶುರುವಾಗುವ ಮೊದಲೇ ನಿರೂಪಕ ಬಾಯಿ ಹಾಕುತ್ತಿದ್ದ. ಅವನಿಗೆ ನಾವು ಹಾಕಿದ ಶಾಪಗಳಲ್ಲಿ ಕನ್ನಡದವು, ತುಳುವಿನವು, ಮರಾಠಿಯವು ಎಲ್ಲವೂ ಇದ್ದವು. ಸ್ಟೇಷನ್ನಿನ ಹೊರಗೆ ಕೊಂಡ ಕ್ಯಾಸೆಟ್ಟಿನಲ್ಲಿ ಹಾಡು ಪೂರ್ತಿ ಇತ್ತು, ಕುಣಿತ ಮಾತ್ರ ಮುಕ್ಕಾಲು. ವಾರ್ಷಿಕೋತ್ಸವಕ್ಕೆ ಇನ್ನೊಂದೇ ವಾರ ಎನ್ನುವಾಗ ಹಾಡು ಕಾರ್ಯಕ್ರಮದಿಂದಲೇ ಬಿದ್ದುಹೋಯಿತು. ಹೆಸರು ಕೊಟ್ಟಾಗಿತ್ತು, ಒಂದೇ ಬಣ್ಣದ ಲಂಗ ಹೊಲಿಸಿಯಾಗಿತ್ತು. ಶೈಲಾ ನಮ್ಮ ನಡುಮನೆಯಲ್ಲಿ ಕೂತು ಗೊಳೋ ಎಂದು ಅತ್ತಳು.

ಆಗ ಅಡಿಗೆಮನೆಯಿಂದ ಅಮ್ಮ ಬಂದಳು. ನನ್ನಮ್ಮ ಎಂದರೆ ಯಾರು? ಕುಣಿತವೆಂದ ಕೂಡಲೇ, ಕುಣಿದು ಯಾರು ಉದ್ಧಾರ ಆಗಿದ್ದಾರೆ ಎಂದು ಕೇಳುತ್ತಿದ್ದವಳು. "ಎಂತಕ್ಕೆ ಅಳುವುದು? ಆ ಹಾಡು ಮಧ್ಯಾಹ್ನ ಬೇರೆ ಚಾನೆಲಿನಲ್ಲಿ ಪೂರ್ತಿ ಬರ್ತದೆ. ನೀವು ಕಾಲೇಜಿನಲ್ಲಿ ಇರ್ತೀರಿ. ನಾನು ನೋಡಿದ್ದೇನೆ" ಅಂದಳು.

ನಾವು ನಂಬುವ ಮೊದಲೇ ಸೆರಗು ಸಿಕ್ಕಿಸಿ, ಟೀಪಾಯಿ ಗೋಡೆಗೆ ಸರಿಸಿ, ಕ್ಯಾಸೆಟ್ ಹಾಕೆಂದಳು. ಎರಡು ಹೆಜ್ಜೆ ಬಲಕ್ಕೆ, ಕೈ ತಲೆಯ ಮೇಲೆ, ಅರ್ಧ ಸುತ್ತು, ಆಮೇಲೆ ಮಂಡಿ ಬಗ್ಗಿಸಿ ನೆಲ ಸವರಿದಂತೆ ಒಂದು ಬಾಗು. ಯಾರು ಏನು ನೋಡಬೇಕೆಂಬುದನ್ನೇ ಮರೆತು ನಾಲ್ವರೂ ಅವಳನ್ನೇ ನೋಡಿದೆವು. ಒಲೆಯ ಮೇಲೆ ಸಾರು ಉಕ್ಕಿತು, ಅವಳು ನಿಲ್ಲಿಸಲಿಲ್ಲ. ವಾರ್ಷಿಕೋತ್ಸವದಲ್ಲಿ ಜನ ಶಿಳ್ಳೆ ಹೊಡೆದದ್ದು ಆ ಕೊನೆಯ ಚರಣಕ್ಕೇ. ಅಪ್ಪ ಠಾಣೆ ಊರಿನ ಹೋಟೆಲಿನಲ್ಲಿ ಡ್ಯೂಟಿಯಲ್ಲಿದ್ದರು. ಅಮ್ಮ ಮುಂದಿನ ಸಾಲಿನಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮುಖ ಮಾಡಿಕೊಂಡು ಕೂತಿದ್ದಳು.

ಇದನ್ನೆಲ್ಲ ಮೊನ್ನೆ ಮಗಳಿಗೆ ಹೇಳಿ, ಈಗ ಅಂಥ ಕಾರ್ಯಕ್ರಮಗಳೇ ಇಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಲ್ಲಿಯ ಭಾಷೆಗಳಲ್ಲಿ. "ಮಮ್ಮಿ, ಪೂರಾ ಗಾನಾ ಹೈ ನಾ ಫೋನ್ ಪೆ, ರುಕೋ" ಎಂದು ಫೋನಿನಲ್ಲಿ ಪೂರ್ತಿ ಹಾಡನ್ನೇ ಹುಡುಕಿ ಕೈಗೆ ಕೊಟ್ಟಳು. ಇಷ್ಟು ವರ್ಷಗಳ ಮೇಲೆ ನಾಯಕಿಯ ಮುಖ ನೋಡಿದೆ. ಪರವಾಗಿಲ್ಲ, ಪಾದಗಳೇ ಚೆನ್ನಾಗಿದ್ದವು. ಕೊನೆಯ ಚರಣ ಬಂತು. ನಾಯಕ ನಾಯಕಿ ದೋಣಿ ಹತ್ತಿದರು, ಮುಖ ಮುಖ ನೋಡುತ್ತ ಕೂತರು, ದೋಣಿ ದೂರ ಹೋಯಿತು. ಕುಣಿತವೇ ಇಲ್ಲ. ಮತ್ತೊಮ್ಮೆ ಹಾಕಿ ನೋಡಿದೆ. ಮತ್ತೆಯೂ ದೋಣಿಯೇ.

ಅಮ್ಮ ಈಗ ಕಲ್ಯಾಣದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ವೀಡಿಯೋ ಕಾಲ್ ಮಾಡಿ ಕೇಳಿದೆ. ದೋಣಿ ಎಂದದ್ದಕ್ಕೆ ಅವಳಿಗೆ ನಗು ತಡೆಯಲಾಗಲಿಲ್ಲ. ಆ ವರ್ಷ ಮಧ್ಯಾಹ್ನವಿಡೀ ಲೋಡ್ ಶೆಡ್ಡಿಂಗ್ ಇತ್ತಲ್ಲ, ಟೀವಿ ಎಲ್ಲಿಂದ ನೋಡಲಿ ಎಂದು ನನ್ನನ್ನೇ ಕೇಳಿದಳು. ಕಾಲೇಜು ಕಲಿಯುತ್ತಿದ್ದ ನಾಲ್ವರಲ್ಲಿ ಒಬ್ಬಳಿಗೂ ಅದು ಹೊಳೆದಿರಲಿಲ್ಲ. ನಕ್ಕು ಸುಸ್ತಾದ ಮೇಲೆ ಮೆಲ್ಲಗೆ ಹೇಳಿದಳು: "ನನಗೂ ಒಮ್ಮೆ ಕುಣಿಯುವ ಅಂತ ಇತ್ತು ಮಾರಾಯ್ತಿ. ಟೀವಿಯಲ್ಲಿ ನೋಡಿದ್ದು ಅಂತ ಹೇಳದಿದ್ರೆ ನೀವು ನನ್ನ ಕುಣಿತ ಕಲೀತಿದ್ರಾ?"

ಕಲಿಯುತ್ತಿರಲಿಲ್ಲ. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಆಮೇಲೆ ಎಷ್ಟು ಮದುವೆಮನೆಗಳ ಹಳದಿ ಶಾಸ್ತ್ರದಲ್ಲಿ ಆ ಹೆಜ್ಜೆ ಹಾಕಿದ್ದೇನೆ, ಎಷ್ಟು ಜನ ಎಲ್ಲಿ ಕಲಿತೆ ಎಂದು ಕೇಳಿದ್ದಾರೆ. ಪ್ರತಿ ಸಲ ಆ ನಾಯಕಿಯ ಹೆಸರು ಹೇಳಿದ್ದೇನೆ.

ಮಗಳು ಹತ್ತಿರ ಬಂದು, "ಮಲಾ ಪಣ್ ಶಿಕವ ನಾ" ಅಂದಳು. ನನಗೂ ಕಲಿಸು ಎಂದು. ಫೋನನ್ನು ಅಮ್ಮನಿಗೆ ಕಾಣುವಂತೆ ನಿಲ್ಲಿಸಿ ಇಬ್ಬರೂ ಎದ್ದು ನಿಂತೆವು. ಮೊದಲ ಹೆಜ್ಜೆ ಇಡುವ ಮೊದಲು, ಇದು ನಿನ್ನ ಅಜ್ಜಿಯದು ಎಂದು ಹೇಳಿದೆ.