ಜನರೇಟರಿಗೊಂದು ಗವಸು

ಆ ಮನೆಯಲ್ಲಿ ಬಟ್ಟೆ ತೊಡದ ವಸ್ತುವೇ ಇರಲಿಲ್ಲ. ಮಿಕ್ಸಿಗೆ ಹೂವಿನ ಗವಸು, ಫ್ರಿಜ್ಜಿನ ಹಿಡಿಗೆ ಕಾಲುಚೀಲದಂಥ ಗವಸು, ಟೀವಿಯ ರಿಮೋಟಿಗೆ ಗುಂಡಿ ಹಚ್ಚಿದ ಗವಸು. ಹೊಲಿಗೆ ಮಷೀನಿಗೊಂದು ಗವಸು, ಅದು ಕೊಳೆಯಾಗದಿರಲೆಂದು ಅದರ ಮೇಲೆ ಇನ್ನೊಂದು. ಮನೆಯೊಡತಿ ಮೂವತ್ತು ವರ್ಷ ಊರವರ ಬಟ್ಟೆ ಹೊಲಿದವಳು, ಉಳಿದ ತುಂಡುಗಳಿಗೆಲ್ಲ ಹೀಗೊಂದು ಗತಿ ಕಾಣಿಸಿದ್ದಳು. ಬೀದಿಯವರು ಎದುರಿಗೇ ಗವಸಮ್ಮ ಎನ್ನುತ್ತಿದ್ದರು. ಆಕೆಗೆ ಅದು ಬಿರುದು ಕೊಟ್ಟಷ್ಟು ಖುಷಿ.

"ಒಂದೇ ಕಡೆ ಜಾಸ್ತಿ ಹೊತ್ತು ಕೂತ್ರೆ ನಂಗೂ ಅಳತೆ ತಗೊಂಡುಬಿಡ್ತಾಳೆ" ಎಂದು ಯಜಮಾನರು ನಗುತ್ತಿದ್ದರು.

ಈಗ ಅವರು ಒಂದೇ ಕಡೆ ಕೂರುವಂತಾಗಿತ್ತು. ನಲವತ್ತು ವರ್ಷ ಸಿಗರೇಟು ಸೇದಿದ ಶ್ವಾಸಕೋಶ ಕೈಕೊಟ್ಟಿತ್ತು. ಕುರ್ಚಿಯ ಪಕ್ಕದಲ್ಲಿ ಆಕ್ಸಿಜನ್ ಮಷೀನು ಗುರುಗುಟ್ಟುತ್ತಲೇ ಇರಬೇಕು, ಅದರ ಕೊಳವೆ ಮೂಗಿನಲ್ಲಿರಬೇಕು. ಕರೆಂಟು ಹೋದರೆ ಸಣ್ಣ ಸಿಲಿಂಡರೇ ಗತಿ. ಹೋದ ವಾರ ಮಧ್ಯಾಹ್ನ ಹೋದ ಕರೆಂಟು ನಾಲ್ಕು ಗಂಟೆ ಹೊತ್ತು ಬರಲೇ ಇಲ್ಲ. ಸಿಲಿಂಡರಿನ ಮುಳ್ಳು ಕೆಂಪು ಗೆರೆ ಮುಟ್ಟಿದಾಗ ಗವಸಮ್ಮನ ಜೀವ ಬಾಯಿಗೆ ಬಂದಿತ್ತು. ಆಕೆ ಜನ್ಮದಲ್ಲಿ ಅಷ್ಟು ಹೆದರಿರಲಿಲ್ಲ.

ಮರುದಿನವೇ ಜನರೇಟರ್ ಬಂತು. ಹಿಂದೆಯೇ ತಮ್ಮನೂ ಬಂದ.

"ಎಲೆಕ್ಟ್ರಿಷಿಯನ್ ಯಾಕಕ್ಕಾ? ಒಂದು ವೈರಿಗೆ ಎರಡೂ ಕಡೆ ಪ್ಲಗ್ ಹಾಕಿ ಗೋಡೆಗೆ ಚುಚ್ಚಿದ್ರೆ ಮುಗೀತು!"

ಇದೇ ತಮ್ಮ ಹಿಂದೊಮ್ಮೆ ಕಾಲಿಂಗ್ ಬೆಲ್ ರಿಪೇರಿ ಮಾಡಿದ್ದ. ಅಂದಿನಿಂದ ಅದನ್ನು ಒತ್ತಿದರೆ ಬಚ್ಚಲಿನ ದೀಪ ಹತ್ತುತ್ತಿತ್ತು. ಗವಸಮ್ಮ ಅವನಿಗೆ ಕಾಫಿ ಕೊಟ್ಟು ಸಾಗಹಾಕಿದಳು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಳು.

ಆತ ಬರಲು ಎರಡು ದಿನ ಬೇಕಿತ್ತು. ಅಲ್ಲಿಯವರೆಗೆ ಆಕೆಯ ಕೈ ಸುಮ್ಮನಿದ್ದೀತೇ? ನೀಲಿ ಚೌಕುಳಿಯ ಬಟ್ಟೆ, ಒಳಗೆ ಹತ್ತಿ, ಅಂಚಿಗೆಲ್ಲ ನೆರಿಗೆ. ಸದ್ದಿಗೆ ಯಜಮಾನರ ನಿದ್ದೆ ಕೆಡಬಾರದೆಂದು ಎರಡು ಪದರ. ಹೊಗೆಕೊಳವೆಗೆಂದು ಅಂದವಾಗಿ ಅಂಚು ಹೊಲಿದ ಒಂದು ತೂತು. ಜನರೇಟರಿಗೆ ಅದನ್ನು ತೊಡಿಸಿ, ಕೈಗೆ ಸಿಗುವಂತಿರಲಿ ಎಂದು ಹೊರಗಡೆ ಯಜಮಾನರ ಕಿಟಕಿಯ ಕೆಳಗೇ ಇಟ್ಟಳು.

ಎಲೆಕ್ಟ್ರಿಷಿಯನ್ ಬಂದವನೇ ಅದರ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ.

"ಜನರೇಟರ್ ಎಲ್ಲಮ್ಮಾ?"

"ಅದರ ಮೇಲೇ ಕೂತಿದೀರಲ್ಲ!"

ಆತ ದಡಕ್ಕನೆ ಎದ್ದ. ಗವಸಿನ ಸುತ್ತ ಒಂದು ಸುತ್ತು ಬಂದ. ನೆರಿಗೆ ಎತ್ತಿ ನೋಡಿದ.

"ಇದನ್ನ ತೆಗೀಬೇಕು. ಓಡುವಾಗ ಜನರೇಟರ್ ಕೆಂಡ ಆಗತ್ತೆ. ಸುತ್ತ ಗಾಳಿ ಆಡ್ಬೇಕು. ಪಕ್ಕದಲ್ಲೇ ಪೆಟ್ರೋಲ್ ಬೇರೆ, ಬಟ್ಟೆ ಹತ್ಕೊಂಡ್ರೆ ಮನೇನೇ ಹೋಯ್ತು."

"ತೂತು ಬಿಟ್ಟಿದೀನಲ್ಲಪ್ಪಾ!" ಗವಸಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ.

"ಅದೂ ಕಿಟಕಿ ಕಡೆಗೇ ಬಿಟ್ಟಿದೀರಿ. ಆ ಹೊಗೇಲಿ ವಾಸನೇನೇ ಇಲ್ಲದ ವಿಷ ಇರತ್ತೆ. ನೇರ ಯಜಮಾನ್ರ ಮೂಗಿಗೆ ಹೋಗತ್ತೆ."

ಗವಸಮ್ಮನ ಕೋಪ ಜರ್ರನೆ ಇಳಿಯಿತು. ಯಾರ ಉಸಿರಿಗಾಗಿ ಎರಡು ದಿನ ಕಣ್ಣು ಕೆಂಪಾಗುವಂತೆ ಹೊಲಿದಳೋ ಅವರಿಗೇ ವಿಷ ಊಡುವುದರಲ್ಲಿದ್ದಳು. ಗವಸನ್ನು ತಾನೇ ಕಿತ್ತು ತೆಗೆದು ಒಳಗೊಯ್ದು, ಎಲ್ಲೆಂದೂ ನೋಡದೆ ಬಿಸಾಕಿ ಬಂದಳು.

ಎಲೆಕ್ಟ್ರಿಷಿಯನ್ ಜನರೇಟರನ್ನು ಹಿತ್ತಿಲಿನ ಕೊನೆಯ ಮೂಲೆಗೆ ಒಯ್ದ. ಅಲ್ಲಿ ಸಿಮೆಂಟಿನ ಕಟ್ಟೆ, ನಾಲ್ಕೂ ಕಡೆ ತೆರೆದ ತಗಡಿನ ಸೂರು. ಮೀಟರಿನ ಪಕ್ಕ ಚೇಂಜ್‌ಓವರ್ ಸ್ವಿಚ್ ಕೂರಿಸಿದ. ಹಿಡಿ ಮೇಲಿದ್ದರೆ ಬೀದಿಯ ಕರೆಂಟು, ಕೆಳಗಿದ್ದರೆ ಜನರೇಟರಿನದು, ಎರಡೂ ಒಟ್ಟಿಗೆ ಎಂದೂ ಇಲ್ಲ. ತಮ್ಮನ ಎರಡು ಪ್ಲಗ್ಗಿನ ವಿಚಾರ ಕೇಳಿ ಆತ ಹಣೆ ಚಚ್ಚಿಕೊಂಡ.

"ಇಲ್ಲಿಯ ಕರೆಂಟು ವಾಪಸ್ ಲೈನಿಗೆ ಹೋಗಿ, ಕಂಬದ ಮೇಲೆ ರಿಪೇರಿ ಮಾಡ್ತಿದ್ದೋನು ಅಲ್ಲೇ ಸಾಯ್ತಿದ್ದ ಕಣಮ್ಮಾ!"

ಕೊನೆಗೆ ಪರೀಕ್ಷೆ. ಆತ ಮೇನ್ ಆಫ್ ಮಾಡಿದ. ಒಳಗೆ ಆಕ್ಸಿಜನ್ ಮಷೀನಿನ ಗುರುಗುರು ನಿಂತಿತು. ಗವಸಮ್ಮ ಸೆರಗು ಸಿಕ್ಕಿಸಿ ಹಿತ್ತಿಲಿಗೆ ಓಡಿದಳು, ಹಗ್ಗ ಎಳೆದಳು, ಮತ್ತೆ ಎಳೆದಳು. ಭರ್ ಎಂದಿತು. ವಾಪಸ್ ಓಡಿ ಬಂದು ಹಿಡಿ ಕೆಳಗೆ ತಳ್ಳಿದಳು. ಒಳಗೆ ಮತ್ತೆ ಗುರುಗುರು. ಆಕೆಗೆ ಇಡೀ ಪ್ರಪಂಚದಲ್ಲಿ ಅದಕ್ಕಿಂತ ಇಂಪಾದ ಸದ್ದು ಬೇರೆ ಇರಲಿಲ್ಲ.

ಇಬ್ಬರೂ ಒಳಗೆ ಬಂದರು. ಕುರ್ಚಿಯಲ್ಲಿ ನೀಲಿ ಚೌಕುಳಿ ಗುಡ್ಡೆಯೊಂದು ಕೂತಿತ್ತು. ಅದರ ಮೇಲ್ತುದಿಯಲ್ಲಿ ಯಜಮಾನರ ತಲೆ, ಕುತ್ತಿಗೆಯ ಸುತ್ತ ನೆರಿಗೆ.

"ಇವ್ರಿಗೆ ಗಾಳಿ ಆಡತ್ತಾ?" ಅಭ್ಯಾಸಬಲದಿಂದ ಎಲೆಕ್ಟ್ರಿಷಿಯನ್ ಬಾಯಿಂದ ಬಂದೇಬಿಟ್ಟಿತು.

"ಧಾರಾಳವಾಗಿ. ನಾನು ಹೊಗೆ ಬಿಡೋದು ನಿಲ್ಸಿ ಎರಡು ವರ್ಷ ಆಯ್ತಪ್ಪ, ನನಗೆ ತೊಡಿಸಬಹುದು" ಎಂದರು ಯಜಮಾನರು. ಹೆಂಡತಿಯ ಕಡೆ ತಿರುಗಿ, "ಅಳತೆ ತಗೊಳ್ದೇನೇ ಎಷ್ಟು ಸರಿಯಾಗಿ ಹೊಲ್ದಿದೀಯ ನೋಡೆ" ಎಂದರು.

ಗವಸಮ್ಮ ನೋಡಿದಳು. ತಾನು ಬಿಸಾಕಿದ ಗವಸನ್ನು ಅವರೇ ತೊಟ್ಟುಕೊಂಡಿದ್ದರು. ಹೊಗೆಕೊಳವೆಗೆಂದು ಬಿಟ್ಟ ತೂತಿನಿಂದ ಆಕ್ಸಿಜನ್ ಕೊಳವೆ ಒಳಗೆ ಹೋಗಿ, ಕುತ್ತಿಗೆಯ ಹತ್ತಿರ ಹೊರಬಂದು ಮೂಗು ಸೇರಿತ್ತು. ಆಕೆಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹತ್ತಿರ ಹೋಗಿ, ಕೊಳವೆ ಎಲ್ಲೂ ಮಡಚಿಲ್ಲವೆಂದು ನೋಡಿ, ಕುತ್ತಿಗೆಯ ನೆರಿಗೆ ಸರಿಮಾಡಿದಳು.