ಕುತ್ತಿಗೆಗೆ ಪಟ್ಟಿ ಇರಲಿಲ್ಲ

ಮೂಡಲಗಿಯಲ್ಲಿ ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡುವ ಗುಡುಸಾಬರ ಅಂಗಡಿಗೂ ನನ್ನ ಪೈಪಿನ ಅಂಗಡಿಗೂ ನಡುವೆ ಒಂದೇ ಗೋಡೆ. ಓಡುವ ಮೋಟಾರಿನ ಮೈಮೇಲೆ ಅಂಗೈ ಇಟ್ಟರೆ ಸಾಕು, ಒಳಗಿನ ತಂತಿ ಸುಡಲಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ರೈತರು ನಂಬಬೇಕಲ್ಲ! ತುಕ್ಕಾನಟ್ಟಿಯ ಪಾಯಪ್ಪನಂತೂ, "ಬಿಚ್ಚಲಾರದ ಹೆಂಗ ಹೇಳ್ತೀರಿ ಸಾಬರ? ಛಲೋ ಓಡಾಕತ್ತೈತಲ್ಲ" ಎಂದು ನಗುತ್ತ ಮೋಟಾರು ಒಯ್ದ. ನಾಲ್ಕನೇ ದಿನ ಅದನ್ನೇ ಸುಟ್ಟು ಕರಕಾಗಿಸಿ ತಂದ.

"ಓಡೂದು ಅಂದ್ರ ಆರಾಮ ಐತಿ ಅಂತಲ್ಲಲೇ ಹುಚ್ಚಪ್ಪಾ!" ಎಂದು ಗುಡುಸಾಬರು ಬೀದಿಗೆಲ್ಲ ಕೇಳುವಂತೆ ಬೈದಿದ್ದರು.

ಇಂಥ ಮನುಷ್ಯನಿಗೆ ಮೂರು ವರ್ಷದ ಹಿಂದೆ ಬೇರೆಯವರ ಹೃದಯ ಕೂಡಿಸಿದರು. ಹೊಸ ಹೃದಯವನ್ನು ಮೈ ತನ್ನದಲ್ಲವೆಂದು ಕೆಡಿಸಲು ನೋಡುತ್ತದಂತೆ. ಅದಕ್ಕೇ ದಿನಾ ಗುಳಿಗೆ, ಆಗಾಗ ತಪಾಸಣೆ. ಮೊದಲೆಲ್ಲ ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಹೃದಯದ ಚೂರು ಕಿತ್ತು ನೋಡುತ್ತಿದ್ದರು. ಕುತ್ತಿಗೆಗೆ ಪಟ್ಟಿ ಅಂಟಿಸಿಕೊಂಡು ಬಂದರೆ ಬೀದಿಯೇ ಬಂದು ವಿಚಾರಿಸುತ್ತಿತ್ತು. ಅವರೂ ಡಾಕ್ಟರು ಹೇಳಿದ್ದನ್ನು ಮರುಮಾತಿಲ್ಲದೆ ಕೇಳುತ್ತಿದ್ದರು.

ಈ ಬೇಸಿಗೆಯಲ್ಲಿ ಬೆಳಗಾವಿಯ ಡಾಕ್ಟರ್ ಅನ್ನಪೂರ್ಣಾ ಚುಚ್ಚಲಿಲ್ಲ. ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಹೃದಯದ ಚಿತ್ರ ತೆಗೆದರು.

"ಇಲ್ಲಿ ಬಾವು ಬಂದೈತ್ರಿ. ಮೈ ಈ ಹೃದಯಾನ ಒಲ್ಲೆ ಅನ್ನಾಕತ್ತೈತಿ. ಇವತ್ತ ಅಡ್ಮಿಟ್ ಆಗ್ರಿ, ಔಷಧಕ್ಕ ಇಳೀತೈತಿ."

"ಚೂರು ಕೀಳಲಾರದ ಹೆಂಗ ಹೇಳ್ತೀರಿ ಮೇಡಮ್ಮಾರ? ಛಲೋ ಅಡ್ಡಾಡಾಕತ್ತೇನಲ್ಲ!"

"ಬೇಕಾದ್ರ ಚೂರು ತಗದೂ ನೋಡೋಣ್ರಿ. ಆದ್ರ ಮನಿಗೆ ಹೋಗಬ್ಯಾಡ್ರಿ."

ಹೆಂಡತಿ ಶರೀಫಾಬಿ ಅತ್ತು ಬೇಡಿಕೊಂಡಳು. ಕೇಳಲಿಲ್ಲ. ಅಂಗಡಿ ತುಂಬ ಮೋಟಾರು ಬಿದ್ದಿವೆ, ಮುಂದಿನ ತಿಂಗಳು ಬರುತ್ತೇನೆ ಎಂದು, ಹೋಗುವುದು ತನ್ನದೇ ಜವಾಬ್ದಾರಿ ಎಂಬ ಕಾಗದಕ್ಕೆ ಸಹಿ ಹಾಕಿ ಎದ್ದು ಬಂದರು.

ನಾನೇನು ಸಾಚಾ ಅಲ್ಲ. ಅವರು ಊರಿಗೆ ಮರಳಿದಾಗ ಕುತ್ತಿಗೆ ನೋಡಿ, ಪಟ್ಟಿ ಕಾಣದೆ, "ಈ ಸಲ ಏನೂ ಇಲ್ಲ ಬಿಡ್ರಿ" ಎಂದು ಖುಷಿಯಿಂದ ಚಹಾ ತರಿಸಿದವನು ನಾನೇ. ಆ ಚಹಾ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಐದನೇ ವಾರ ಗುಡುಸಾಬರು ಮೋಟಾರು ಎತ್ತಲು ಹೋಗಿ ಉಸಿರು ಸಿಗದೆ ಕುಸಿದರು. ಮತ್ತೆ ಅದೇ ಯಂತ್ರ, ಮತ್ತೊಂದು ಚಿತ್ರ. ಬಾವಿದ್ದ ಕಡೆ ಈಗ ಕಲೆಗಟ್ಟಿತ್ತು. "ಬಾವು ಇಳಸಬಹುದಿತ್ತವ್ವಾ, ಈ ಕಲೆ ಹೋಗೂದಿಲ್ಲ" ಎಂದು ಡಾಕ್ಟರು ಶರೀಫಾಬಿಗೆ ಹೇಳಿದರಂತೆ. ಜೀವ ಉಳಿಯಿತು, ಅದೂ ಅರ್ಧ. ಈಗ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಹತ್ತು ಹೆಜ್ಜೆಗೆ ಏದುಸಿರು.

ಮೊನ್ನೆ ಪಾಯಪ್ಪ ಮತ್ತೊಂದು ಮೋಟಾರು ತಂದ. ಗುಡುಸಾಬರು ಅದನ್ನು ಚಾಲೂ ಮಾಡಿಸಿ, ಕುರ್ಚಿಯಿಂದಲೇ ಬಗ್ಗಿ ಕೈಯಿಟ್ಟು, "ಸುಡತೈತಿ, ಇಟ್ಟು ಹೋಗು" ಎಂದರು.

"ಬಿಚ್ಚಿ ತೋರಸ್ರಿ ಮೊದಲ" ಎಂದ ಅವನು.

ಬೈಗುಳ ಬರುತ್ತದೆಂದು ನಾನು ಕಿವಿಗೊಟ್ಟು ಕೂತೆ. ಗುಡುಸಾಬರು ಮೋಟಾರಿನ ಮೇಲಿಂದ ಕೈ ತೆಗೆದು ಅದನ್ನು ಬಂದ್ ಮಾಡಿಸಿದರು.

"ಬೈಯಾಕ ನನಗ ಬಾಯಿ ಉಳದಿಲ್ಲೊ ಪಾಯಪ್ಪಾ. ಒಯ್ಯಿ."