ವರ್ಷತೊಡಕಿನ ಗ್ರೀಕ್ ಮೊಟ್ಟೆ

ಮರಳು, ನಿಂಬೆಹಣ್ಣು, ಮೊಟ್ಟೆ. ಈ ಮೂರೂ ಮೂರು ದಾರಿ ಸೇರುವ ಕಡೆ ಬಿದ್ದಿದ್ದರೆ ಅರಸೀಕೆರೆಯಲ್ಲಿ ಯಾರೂ ದಾಟುತ್ತಿರಲಿಲ್ಲ, ಸುತ್ತು ಬಳಸಿ ಹೋಗುತ್ತಿದ್ದರು. ಆ ಯುಗಾದಿಯ ಸಂಜೆ ಅವು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೇ ಇದ್ದವು. ಏಳನೇ ಕ್ಲಾಸಿನ ಹುಡುಗಿಗೆ ಅನುಮಾನ ಬರದೆ ಇನ್ನೇನು ಬರಬೇಕು?

ಇಟ್ಟಿದ್ದು ಆಯಮ್ಮ. ಅಂದರೆ ಅಪ್ಪನ ಎರಡನೇ ಹೆಂಡತಿ. ಚಿಕ್ಕಮ್ಮ ಅಂತ ಕರಿ ಅಂತ ಅಪ್ಪ ಹೇಳಿದ್ದರು. ನಾನು ಏನಂತಲೂ ಕರೆಯದೆ, ಎದುರು ನಿಂತು ಕೆಮ್ಮಿ ಕೆಲಸ ಸಾಗಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಆಯಮ್ಮ. ಬೇಲೂರಿನವರು, ದೇವಸ್ಥಾನದ ಸೇವೆಯ ಮನೆತನ, ಅಪ್ಪನ ಆಫೀಸಿನಲ್ಲಿ ಟೈಪಿಸ್ಟ್. ಮೊಟ್ಟೆ ಅಂಗಡಿಯ ಮುಂದೆ ಹೋಗುವಾಗಲೂ ಅವರ ಸೆರಗು ಮೂಗಿಗೆ ಹೋಗುತ್ತಿತ್ತು. ನಾವೋ ಎಲ್ಲಾ ತಿನ್ನೋರು. ನಮ್ಮಮ್ಮ ತೀರಿಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಹುಲಿಕೆರೆಯ ಅಜ್ಜಿ, ನಮ್ಮಮ್ಮನ ತಾಯಿ, ಹಬ್ಬಕ್ಕೆ ಮುಂಚೆ ಬಂದಿದ್ದವಳು ನನ್ನನ್ನು ಹಿತ್ತಲಿಗೆ ಕರೆದು ಮದ್ದಿನ ವಿಷಯ ಹೇಳಿದ್ದಳು. ಕಾಯಿಲೆಯ ಮದ್ದಲ್ಲ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಹಾಕುವಂಥದ್ದು. ತಿಂದವರು ಹಾಕಿದವರು ಹೇಳಿದ ಹಾಗೆ ಕುಣಿಯುತ್ತಾರೆ. ನಿಮ್ಮಪ್ಪನಿಗೆ ಆಗಲೇ ಬಿದ್ದಿದೆ ಅಂದಳು. ನನಗೂ ಹೌದೆನಿಸಿತು. ಬನಿಯನ್ನಿನಲ್ಲೇ ತಿಂಡಿ ತಿನ್ನುತ್ತಿದ್ದ ಮನುಷ್ಯ ಈಗ ಷರಟು ಹಾಕಿ ಕೂರುತ್ತಿದ್ದರು, ತಿಂದ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಮದ್ದಲ್ಲದೆ ಮತ್ತೇನು? ಬಸ್ಸಿಗೆ ಹೊರಡುವಾಗ ಅಜ್ಜಿ ನನ್ನ ಗಲ್ಲ ಹಿಡಿದಳು.

"ಹೊಸ ತಿಂಡಿ ಏನ್ ಕೊಟ್ರೂ ಮೊದ್ಲು ಅವ್ಳು ತಿನ್ಲಿ ಕಣವ್ವ. ಮದ್ದು ಹೊಟ್ಟೆಗೋದ್ರೆ ಹೆತ್ತೋಳ್ ಮಖಾನೂ ಮರ್ತೋಯ್ತದೆ."

ಉಳಿದದ್ದೆಲ್ಲ ಹಾಳಾಗಲಿ, ಈ ಕೊನೆಯ ಮಾತಿಗೆ ನನ್ನ ಜೀವ ಹಾರಿಹೋಯಿತು. ಅಮ್ಮನ ದನಿ ಆಗಲೇ ಒಂದೊಂದು ದಿನ ಎಷ್ಟು ಹುಡುಕಿದರೂ ನೆನಪಿಗೆ ಬರುತ್ತಿರಲಿಲ್ಲ. ಮದ್ದಿಲ್ಲದೇ ಹೀಗಾದರೆ ಮದ್ದು ತಿಂದ ಮೇಲೆ ಏನು ಗತಿ?

ಯುಗಾದಿಯ ಮಾರನೇ ದಿನ ವರ್ಷತೊಡಕು. ಹೋಳಿಗೆ ತಿಂದ ಬಾಯಿಗೆ ಅವತ್ತು ಬಾಡಿನ ಖಾರ ಬೀಳಲೇಬೇಕು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅಂತ ನಂಬಿಕೆ, ಹಾಗಾಗಿ ಮಕ್ಕಳನ್ನು ಬೈಯುವುದೂ ಇಲ್ಲ. ಆ ವರ್ಷ ಭಾನುವಾರವೇ ಬಿದ್ದಿತ್ತು. ಮಾಂಸ ಮುಟ್ಟಲು ನನ್ನ ಕೈಲಾಗದು, ಮೊಟ್ಟೆಯಾದರೆ ಬೆಳಿಗ್ಗೆ ತಿಂಡಿಗೆ ಮಾಡಿ ನೋಡುತ್ತೇನೆ ಅಂದರಂತೆ ಆಯಮ್ಮ. ಟೀವಿಯ ಅಡುಗೆ ಕಾರ್ಯಕ್ರಮದಲ್ಲಿ ತೋರಿಸಿದ್ದರಂತೆ, ಗ್ರೀಸ್ ದೇಶದ್ದಂತೆ ಅಂತ ಅಪ್ಪ ಹಿಗ್ಗಿದರು. ಗ್ರೀಕರು ದಂಡೆತ್ತಿ ಬಂದವರು ಅಂತ ಸಮಾಜ ಪಾಠದಲ್ಲಿ ಓದಿದ್ದ ನನಗೆ ಅವರ ತಿಂಡಿಯ ಉದ್ದೇಶವೂ ಒಳ್ಳೆಯದಿರಲಾರದು ಅನ್ನಿಸಿತು.

ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಕಾವಲು ಕೂತೆ. ಆಯಮ್ಮ ಕಾಯುವ ಹಾಲಿಗೆ ನಿಂಬೆ ಹಿಂಡಿದರು. ಹಬ್ಬದ ಮಾರನೇ ದಿನ ಬೇಕೂಂತಲೇ ಹಾಲು ಒಡೆಸುವ ಹೆಂಗಸನ್ನು ಯಾರಾದರೂ ಕಂಡಿದ್ದೀರಾ? ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಹಿಂಡಿ, ಉಪ್ಪು ಬೆರೆಸಿ ಪುಡಿ ಮಾಡಿದರು. ಗ್ರೀಸಿನವರ ಉಪ್ಪು ಚೀಸಿಗೆ ಬದಲು ಅದು. ಪಾಲಕ್, ಈರುಳ್ಳಿ, ಟೊಮೇಟೊ ಬಾಡಿಸಿದರು. ಅಲ್ಲಿನವರು ಹಾಕುವ ಯಾವುದೋ ಉಪ್ಪುಕಾಯಿ ನಮ್ಮೂರಲ್ಲಿ ಎಲ್ಲಿ ಸಿಗಬೇಕು, ಉಪ್ಪುನೀರಿನ ಜಾಡಿಯಿಂದ ಕವಳೆಕಾಯಿ ತೆಗೆದು ಹೆಚ್ಚಿದರು. ಆಮೇಲೆ ಮೊಟ್ಟೆ. ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಒಡೆದರು. ಮಂತ್ರ ಅಂದುಕೊಂಡೆ. ಇನ್ನೇನು ಸಾಕ್ಷಿ ಬೇಕಿತ್ತು ನನಗೆ? ಸಿಪ್ಪೆಯ ಚೂರೆಲ್ಲ ಪಾತ್ರೆಗೇ ಬಿತ್ತು. ಒಂದೊಂದನ್ನೇ ಹೆಕ್ಕಿ, ಹೆಕ್ಕಿದ ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆದುಕೊಂಡರು.

ಮರಳಿನ ಗುಟ್ಟು ಆಗ ತಿಳಿಯಿತು. ನಮ್ಮ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಡಬರಿಯಲ್ಲಿ ಮರಳು ಹಾಸಿ, ಕಾಯಿಸಿ, ಅದರ ಮೇಲೆ ಎಲ್ಲ ಕಲಸಿದ ಮೊಟ್ಟೆಯ ತಟ್ಟೆ ಇಟ್ಟು ಮುಚ್ಚಿ, ಕೇಕು ಬೇಯಿಸುವ ಹಾಗೆ ಬೇಯಿಸಿದರು. ಒಂದು ಅನುಮಾನ ಹೋಯಿತು ಅಂತ ಉಳಿದವು ಹೋದವೇ? ತಿಂಡಿ ಉಬ್ಬಿ ಘಮ ಅಂದಿತು. ಘಮ ಅಂದಷ್ಟೂ ನನಗೆ ದಿಗಿಲು.

ಅಪ್ಪನಿಗೂ ನನಗೂ ಚೌಕಾಕಾರವಾಗಿ ಕತ್ತರಿಸಿ ಬಡಿಸಿ, ತಾವು ನಿನ್ನೆಯ ಹೋಳಿಗೆ ಹಾಕಿಕೊಂಡು ಕೂತರು. ಅವರು ಮೊಟ್ಟೆ ಮುಟ್ಟದವರು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಮದ್ದು ಹಾಕುವವರಿಗೆ ಅದಕ್ಕಿಂತ ಒಳ್ಳೆ ನೆಪ ಉಂಟೇ? ನನ್ನ ತಟ್ಟೆಯನ್ನು ಅವರ ಮುಂದಕ್ಕೆ ತಳ್ಳಿದೆ.

"ಮೊದ್ಲು ನೀವು ತಿನ್ನಿ."

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ನಮ್ಮ ಕಡೆ ಈ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಬೇಲೂರಿನವರಿಗೂ ಬೇಕಿಲ್ಲ. ಅಪ್ಪನ ಮುಖ ಕೆಂಪಾಯಿತು, ಆದರೆ ವರ್ಷತೊಡಕು, ಬೈಯುವ ಹಾಗಿಲ್ಲ. ಆಯಮ್ಮ ಅಪ್ಪನಿಗೆ ಸುಮ್ಮನಿರಿ ಅಂತ ಸನ್ನೆ ಮಾಡಿ ನನ್ನನ್ನೇ ನೋಡಿದರು. ಸಿಟ್ಟು ಮಾಡಿಕೊಳ್ಳಲಿ ಅಂತ ಕಾದೆ. ಮಾಡಿಕೊಳ್ಳಲಿಲ್ಲ. ನನ್ನ ತಟ್ಟೆಯಿಂದ ಒಂದು ತುಂಡು ಮುರಿದು ಬಾಯಿಗಿಟ್ಟರು. ಕಣ್ಣಲ್ಲಿ ನೀರು ತುಂಬಿತು. ಅಗಿದರು, ನುಂಗಿದರು. ನುಂಗಿದ್ದು ನನಗೆ ಖಾತ್ರಿಯಾಗಲಿ ಅಂತ, ಮಾತ್ರೆ ನುಂಗಿದ ಮಗುವಿನ ಹಾಗೆ ಬಾಯಿ ತೆರೆದು ತೋರಿಸಿದರು.

ಇವತ್ತಿಗೂ ನಾನು ಹಾಗೆ ಅಂದದ್ದು ತಪ್ಪು ಅನ್ನಲಾರೆ. ಹೆತ್ತವಳ ನೆನಪಿಗೆ ಮಗಳು ಕಾವಲು ಕಾಯದೆ ಇನ್ಯಾರು ಕಾಯಬೇಕು?

ಈಗ ನನ್ನ ಸರದಿ. ತಿಂದೆ. ಮೆತ್ತಗೆ, ಉಪ್ಪುಪ್ಪು, ಕವಳೆಕಾಯಿ ಸಿಕ್ಕ ಕಡೆ ಹುಳಿ. ಖಾರವೇ ಇಲ್ಲ. ತಿನ್ನುತ್ತಲೇ ಒಳಗೆ ತಡಕಾಡಿದೆ. ಅಮ್ಮನ ಮುಖ ಇದೆಯಾ? ಇತ್ತು. ಎಡಗೈ ಮೇಲಿನ ಸುಟ್ಟ ಕಲೆ? ಇತ್ತು. ದನಿ? ಸಿಗಲಿಲ್ಲ. ಹೆದರಿಕೆಯಲ್ಲೇ ಇನ್ನೊಂದು ತುತ್ತು ಅಗಿದೆ. ಸಪ್ಪೆ, ಸಪ್ಪೆ ಅಂತ ನಾಲಗೆ ಗೊಣಗುತ್ತಿರುವಾಗ, ಒಲೆಯ ಮುಂದೆ ನಿಂತು ಅಮ್ಮ ಕೂಗಿದ್ದು ಕೇಳಿಸಿತು, ಮೆಣಸಿನ ಡಬ್ಬಿ ಎಲ್ಲಿಟ್ಯೇ ಅಂತ. ಅವಳದೇ ದನಿ, ಅದೇ ರಾಗ.

"ನಮ್ಮಮ್ಮ ಮೊಟ್ಟೆಗೆ ಕಾಳುಮೆಣಸು ಹಾಕ್ತಿದ್ಲು," ಅಂದೆ. ಆಯಮ್ಮನ ಎದುರಿಗೆ ನಮ್ಮಮ್ಮನ ಮಾತು ಎತ್ತಿದ್ದು ಅದೇ ಮೊದಲು.

ಅವರು ಎದ್ದರು. ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋಗುತ್ತಾರೆ ಅಂದುಕೊಂಡೆ. ಅಡುಗೆಮನೆಗೆ ಹೋಗಿ ಮೆಣಸು ಕುಟ್ಟಿ ತಂದು ಬಟ್ಟಲನ್ನು ನನ್ನ ಮುಂದಿಟ್ಟರು.

"ಎಷ್ಟು ಹಾಕ್ತಿದ್ರು, ನೀನೇ ಹಾಕಿ ತೋರಿಸು."

ಹಾಕಿದೆ. ಅಪ್ಪನ ತಟ್ಟೆಗೂ ಹಾಕಿದೆ. ಎಷ್ಟು ಹಾಕಿದೆ ಅಂತ ನೋಡಿಕೊಂಡ ಮೇಲೇ ಅವರು ಬಚ್ಚಲಿಗೆ ಹೋಗಿದ್ದು. ಕಾರಿಕೊಂಡ ಸದ್ದು ನಡುಮನೆಯವರೆಗೂ ಕೇಳಿಸಿತು. ಅಪ್ಪ ಏಳುವ ಮುಂಚೆ ನಾನೇ ಚೊಂಬಿನಲ್ಲಿ ನೀರು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತೆ. ಕೆಮ್ಮಲಿಲ್ಲ. ಚಿಕ್ಕಮ್ಮ, ನೀರು ತಗೊಳ್ಳಿ, ಅಂದೆ.